ನಿಲ್ಲಿಸಿ ಇನ್ನೊಂದು ಎಕ್ಸ್‌ರೇ ತೆಗೆದ ಅಣ್ಣನಿಗೆ

ನಿನ್ನೆ ಚೆಕಪ್ ಎಕ್ಸ್‌ರೇ ಆಯಿತು. ಕುಗ್ಗಿಹೋಗಿದ್ದ ಬಲಗಡೆ ಶ್ವಾಸಕೋಶ ಮತ್ತೆ ಪೂರ್ತಿ ಹಿಗ್ಗಿದೆ. ಒಂದೂವರೆ ತಿಂಗಳಿಂದ ಫೋನ್ ಮಾಡಿ ವಿಚಾರಿಸಿದವರಿಗೆಲ್ಲ ಒಟ್ಟಿಗೇ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಶುರುವಾಗಿದ್ದು ಸುಮ್ನೆ ಕೂತಿದ್ದಾಗ. ಭಾರ ಎತ್ತಿರಲಿಲ್ಲ, ಬಿದ್ದಿರಲಿಲ್ಲ. ಬಲ ಎದೆಯಲ್ಲಿ ಚುಚ್ಚಿದ ಹಾಗಾಯಿತು, ಆಮೇಲೆ ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಮೊದಲು ಹೋದ ಕಡೆ ಇಸಿಜಿ ಸರಿ ಇದೆ, ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟು ಕಳಿಸಿದರು. (ಗಾಳಿ ತುಂಬಿಕೊಂಡಿದ್ದು ನಿಜಾನೇ, ಜಾಗ ಮಾತ್ರ ಬೇರೆ.) ಮಾರನೇ ದಿನ ಇನ್ನೊಂದು ಆಸ್ಪತ್ರೆಗೆ ಹೋದೆ. ಮಲಗಿಸಿ ತೆಗೆದ ಎಕ್ಸ್‌ರೇಯಲ್ಲೂ ಏನೂ ಕಾಣಲಿಲ್ಲ.

ಆಗ ಎಕ್ಸ್‌ರೇ ರೂಮಿನ ಅಣ್ಣ ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು. ಆರಡಿ ಉದ್ದ, ಕಡ್ಡಿ ಮೈ. "ಸಿಗರೇಟ್ ಇದೆಯೇನಪ್ಪಾ?" ಅಂದರು. ಅಮ್ಮ ಪಕ್ಕದಲ್ಲೇ ಇದ್ದರು, ಆದರೂ ಹೌದು ಅಂದೆ. ಅವರು ಡಾಕ್ಟರನ್ನು ಕೇಳಿಕೊಂಡು ಬಂದು, ನಿಲ್ಲಿಸಿ ಇನ್ನೊಂದು ತೆಗೆದರು. ಮಲಗಿದರೆ ಶ್ವಾಸಕೋಶದಿಂದ ಸೋರಿದ ಗಾಳಿ ಎದೆಯ ಮುಂಭಾಗದಲ್ಲಿ ಹರಡಿಕೊಳ್ಳುತ್ತದಂತೆ, ಫಿಲ್ಮಿನಲ್ಲಿ ಕಾಣದೇ ಹೋಗಬಹುದಂತೆ, ನಿಂತರೆ ಅದೇ ಗಾಳಿ ಮೇಲಕ್ಕೆ ಹೋಗಿ ಸೇರಿ ಸಿಕ್ಕಿಬೀಳುತ್ತದೆ. ಕೂದಲೆಳೆಯಂಥ ಬಿಳಿ ಗೆರೆ, ಅದರಾಚೆ ಬರೀ ಕಪ್ಪು. ಆ ಗೆರೆಯೇ ಕುಗ್ಗಿದ ಶ್ವಾಸಕೋಶದ ಅಂಚು. ನ್ಯೂಮೋಥೊರಾಕ್ಸ್! ಅಂದರೆ ಶ್ವಾಸಕೋಶದಿಂದ ಸೋರಿದ ಗಾಳಿ ಎದೆಗೂಡಿನಲ್ಲಿ ತುಂಬಿ ಶ್ವಾಸಕೋಶ ಕುಗ್ಗುವುದು. ಉದ್ದ, ಕಡ್ಡಿ ಮೈಯ, ಸಿಗರೇಟ್ ಸೇದುವವರಲ್ಲಿ ಇದು ಹೆಚ್ಚಂತೆ, ಅದಕ್ಕೇ ಅಣ್ಣ ಹಾಗೆ ಕೇಳಿದ್ದು. ಡಾಕ್ಟರ್ ಮೇಡಂ ಎದೆ ಮೇಲೆ ಅಲ್ಟ್ರಾಸೌಂಡ್ ಇಟ್ಟೂ ತೋರಿಸಿದರು. ಎಡಗಡೆ ಶ್ವಾಸಕೋಶದ ಪೊರೆ ಉಸಿರಿನ ಜೊತೆ ಜಾರುತ್ತಿತ್ತು, ಬಲಗಡೆ ಅಲ್ಲಾಡಲೇ ಇಲ್ಲ.

ಗಾಳಿ ಹೊರಹಾಕಲು ಪಕ್ಕೆಲುಬಿನ ಸಂದಿಯಲ್ಲಿ ಟ್ಯೂಬ್, ಅದರ ಇನ್ನೊಂದು ತುದಿಗೆ ಮಂಚದ ಕೆಳಗೆ ನೀರಿನ ಬಾಟಲಿ, ಕೆಮ್ಮಿದರೆ ಗುಳುಗುಳು. ಐದು ದಿನ ಹೀಗೇ. ಬಾಟಲಿಯನ್ನು ಎದೆಗಿಂತ ಮೇಲೆ ಎತ್ತಬೇಡ ಅಂತ ಹತ್ತು ಸಲ ಬೈದ ಸಿಸ್ಟರ್‌ಗೆ, ಟಾಯ್ಲೆಟ್ ತನಕ ಅದನ್ನು ಹಿಡಿದುಕೊಂಡು ಬಂದ ಮಾವನ ಮಗನಿಗೆ ಏನು ಕೊಟ್ಟರೂ ಕಡಿಮೆಯೇ. ಸಿಟಿ ಸ್ಕ್ಯಾನಿನಲ್ಲಿ ಶ್ವಾಸಕೋಶದ ತುದಿಯಲ್ಲಿ ಸಣ್ಣ ಗುಳ್ಳೆಗಳು ಕಂಡವು, ಒಡೆದದ್ದು ಅದರಲ್ಲೊಂದು ಇರಬೇಕು ಅಂದರು. ಸಿಗರೇಟ್ ಬಂದ್. ನೇತ್ರಾಣಿ ದ್ವೀಪದ ಸ್ಕೂಬಾ ಡೈವಿಂಗ್ ಪ್ಲಾನೂ ಬಂದ್. ಅಡ್ವಾನ್ಸ್ ಕಟ್ಟಿದ್ದ ಗೆಳೆಯರೇ, ಕ್ಷಮಿಸಿ.

ಅಮ್ಮ ಮಾಡಿದ ಕಜ್ಜಾಯದ ಡಬ್ಬ ಹಿಡಿದು ನಿನ್ನೆ ಆ ಅಣ್ಣನ ಹತ್ತಿರ ಹೋದೆ. ಅವರಿಗೆ ನನ್ನ ಮುಖ ನೆನಪಿರಲಿಲ್ಲ. ಆವತ್ತು ನಿಂತು ತೆಗೆಸಿದ್ದು, ನಿನ್ನೆಯದು, ಎರಡೂ ಫಿಲ್ಮ್ ಕೈಗೆ ಕೊಟ್ಟೆ. ಬೆಳಕಿಗೆ ಹಿಡಿದು, ಬಲಗಡೆ ಮೇಲೆ ಬೆರಳಾಡಿಸಿ, "ಗೆರೆ ಹೋಯ್ತಲ್ಲಪ್ಪಾ!" ಅಂದರು.