ಸರ್ಕಾರದ ಕೋಳಿಗೆ ರಾಗಿ ಸಾಲದು: ಪಶುಸಂಗೋಪನಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ.

ಹಿತ್ತಲಲ್ಲಿ ಸಾಕಲು ಕೋಳಿಮರಿ ಕೊಡುವ ಯೋಜನೆ ನಿಲ್ಲಿಸಬೇಡಿ ಅಂತ ಮೊದಲೇ ಹೇಳಿಬಿಡುತ್ತೇನೆ. ಯಾರಾದರೂ ತಪ್ಪು ತೋರಿಸಿದರೆ ಯೋಜನೆಯನ್ನೇ ಎತ್ತಿಬಿಡುವ ಅಭ್ಯಾಸ ನಮ್ಮಲ್ಲಿದೆ, ಅದಕ್ಕೇ ಈ ಮಾತು. ನಾನು ಕೇಳುತ್ತಿರುವುದು ಇಷ್ಟೇ: ಮರಿ ಕೊಡುವಾಗ ಅದರ ಹೊಟ್ಟೆಗೇನು ಅಂತಲೂ ಯೋಚಿಸಿ. ಕೋಳಿ ಫೀಡಿನ ಸಣ್ಣ ಚೀಲ ಊರಿನ ಹಾಲಿನ ಡೇರಿಯಲ್ಲೇ ಸಿಗುವ ಹಾಗೆ ಮಾಡಿ.

ನಮ್ಮದು ತುಮಕೂರು ಕಡೆಯ ರಾಗಿ ಸೀಮೆ. ಇಲ್ಲಿ ಕೋಳಿ ಸಾಕುವುದು ಅಂದರೆ ಬೆಳಗ್ಗೆ ಮಂಕರಿ ಎತ್ತಿ, ಅಂಗಳಕ್ಕೆ ಒಂದು ಹಿಡಿ ರಾಗಿ ಎರಚುವುದು. ಆಮೇಲೆ ಅದರ ಪಾಡು ಅದಕ್ಕೆ. ನಾಟಿ ಕೋಳಿಗೆ ಅಷ್ಟು ಸಾಕಾಗುತ್ತಿತ್ತು. ಅದು ವರ್ಷಕ್ಕೆ ಇಡುವುದೇ ಐವತ್ತು ಅರವತ್ತು ಮೊಟ್ಟೆ. ಹತ್ತು ಹನ್ನೆರಡು ಇಟ್ಟು ಕಾವಿಗೆ ಕೂರುತ್ತದೆ, ಮರಿ ಮಾಡಿಕೊಂಡು ಓಡಾಡುತ್ತದೆ. ಅಷ್ಟರಲ್ಲಿ ಮೈ ಸುಧಾರಿಸಿಕೊಳ್ಳುತ್ತದೆ.

ನೀವು ಕೊಡುವ ಕೋಳಿ ಆ ಜಾತಿಯದಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ತಯಾರಾದ ಗಿರಿರಾಜ ವರ್ಷಕ್ಕೆ 130ರಿಂದ 150 ಮೊಟ್ಟೆ ಇಡಬಲ್ಲದು. ಇನ್ನೊಂದು ತಳಿ ಸ್ವರ್ಣಧಾರ 180ರ ಆಚೆಗೂ ಹೋಗುತ್ತದೆ. ತಳಿ ಮಾಡಿದವರ ಕೆಲಸದಲ್ಲಿ ದೋಷವಿಲ್ಲ. ಆದರೆ ಮೊಟ್ಟೆ ಮೂರು ಪಟ್ಟು ಆಯಿತು, ರಾಗಿ ಮಾತ್ರ ಅದೇ ಒಂದು ಹಿಡಿ!

ಲೆಕ್ಕ ಹಾಕೋಣ. ಒಂದು ಮೊಟ್ಟೆಯ ಸಿಪ್ಪೆಯಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ತಿಂದದ್ದರಲ್ಲಿ ಅರ್ಧದಷ್ಟು ಮಾತ್ರ ಮೈಗೆ ಹತ್ತುವುದರಿಂದ, ಮೊಟ್ಟೆ ಇಡುವ ದಿನ ಕೋಳಿಗೆ 4 ಗ್ರಾಂ ಹತ್ತಿರ ಬೇಕು. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ ಅಂತ ನಾವೆಲ್ಲ ಹೆಮ್ಮೆ ಪಡುತ್ತೇವೆ, ಅದು ನಿಜವೂ ಹೌದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಬೇರೆ ಯಾವ ಧಾನ್ಯದಲ್ಲೂ ಅಷ್ಟಿಲ್ಲ. ಆದರೆ ಅದರಿಂದಲೇ 4 ಗ್ರಾಂ ಸಿಗಬೇಕಾದರೆ ಕೋಳಿ ದಿನಕ್ಕೆ ಒಂದು ಕಿಲೋಗಿಂತ ಹೆಚ್ಚು ರಾಗಿ ತಿನ್ನಬೇಕು. ಅದರ ಇಡೀ ದಿನದ ಆಹಾರವೇ ನೂರು, ನೂರಿಪ್ಪತ್ತು ಗ್ರಾಂ. ರಾಗಿ ತಿಂದವನು ನಿರೋಗಿ ಅನ್ನುವ ಮಾತು ಮೊಟ್ಟೆ ಇಡದವರಿಗೆ ಅನ್ವಯಿಸುತ್ತದೆ, ಅಲ್ವಾ?

ಪ್ರೋಟೀನಿನ ಕಥೆಯೂ ಹೀಗೇ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್ ಇರುತ್ತದೆ. 50 ಗ್ರಾಂ ರಾಗಿಯಿಂದ ಕೋಳಿಗೆ ಸಿಗುವುದು ಮೂರೂವರೆ ಗ್ರಾಂ. ಉಳಿದದ್ದು ಹುಳ ಹುಪ್ಪಟೆಯಿಂದ ಬರಬೇಕು. ಮೊದಲು ತಿಪ್ಪೆ ಇತ್ತು, ಕಣ ಇತ್ತು, ಗೆದ್ದಲು ಸಿಗುತ್ತಿತ್ತು. ಈಗ ಒಕ್ಕಣೆ ಮೆಷಿನ್ನಿನಲ್ಲಿ, ಅಂಗಳಕ್ಕೆ ಸಿಮೆಂಟು. ಕೆದಕಲು ಜಾಗವೇ ಇಲ್ಲ.

ಇದರ ಫಲ ನೋಡಬೇಕಾದರೆ ನಮ್ಮೂರಿನ ಯಾವುದಾದರೂ ಕೋಳಿಗೂಡಿಗೆ ಕೈ ಹಾಕಿ. ಸಿಗುವ ಮೊಟ್ಟೆ ಮೆತ್ತಗಿರುತ್ತದೆ, ಒಮ್ಮೊಮ್ಮೆ ಸಿಪ್ಪೆಯೇ ಇರುವುದಿಲ್ಲ, ಬರೀ ತೊಗಲು. ಹೆಬ್ಬೆರಳು ಊರಿದರೆ ಒಳಗೆ ಹೋಗುತ್ತದೆ. ಗೂಡಿನಲ್ಲೇ ಒಡೆದ ಮೊಟ್ಟೆಯ ರುಚಿ ಹತ್ತಿದ ಕೋಳಿ, ಆಮೇಲೆ ಚೆನ್ನಾಗಿರುವುದನ್ನೂ ಕುಕ್ಕಿ ಕುಡಿಯುತ್ತದೆ. ಇನ್ನು ಕೆಲವು ಸುಣ್ಣ ಹೊಡೆದ ಗೋಡೆಯನ್ನು ಕುಕ್ಕುತ್ತಾ ನಿಂತಿರುತ್ತವೆ. ಏನು ಕಮ್ಮಿಯಾಗಿದೆ ಅಂತ ಕೋಳಿಗೆ ಗೊತ್ತು! ಹೊರಗಿನಿಂದ ಸಿಗದಿದ್ದಾಗ ಅದು ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆದು ಸಿಪ್ಪೆ ಕಟ್ಟುತ್ತದೆ. ಕೊನೆಗೆ ಕಾಲು ಸೋಲುತ್ತದೆ. ಮನೆಯವರು, ಕೋಳಿಗಳನ್ನು ಸಾಲಾಗಿ ಕೊಲ್ಲುವ ಕೊಕ್ಕರೆ ರೋಗ ಬಂತು ಅಂತ ಹೆದರಿ ಸಾರಿಗೆ ಹಾಕಿಬಿಡುತ್ತಾರೆ. ಪಕ್ಕದ ಮನೆಯ ಅಜ್ಜಿ ಮೂರನೆಯ ಕೋಳಿಯನ್ನು ಹೀಗೆ ಕಳೆದುಕೊಂಡಾಗ ಅಂದದ್ದು ಒಂದೇ ಮಾತು: "ಸರ್ಕಾರದ ಕೋಳಿ ಅಂದ್ರೆ ಹಿಂಗೇ ಕಣವ್ವ."

ಪೇಟೆಯಲ್ಲಿ ಫೀಡು ಸಿಗುವುದಿಲ್ಲವಾ ಅಂತ ನೀವು ಕೇಳಬಹುದು. ಸಿಗುತ್ತದೆ, 50 ಕಿಲೋ ಚೀಲದಲ್ಲಿ. ಅಂಗಳದಲ್ಲಿ ಮೇಯುವ ಐದು ಕೋಳಿಗೆ ದಿನಕ್ಕೆ ಕಾಲು ಕಿಲೋ ಸಾಕು. ಅಂದರೆ ಆ ಚೀಲ ಆರು ತಿಂಗಳು ಬರುತ್ತದೆ. ಮಳೆಗಾಲದಲ್ಲಿ ಅದಕ್ಕೂ ಮೊದಲೇ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಮುಸುಕಿನ ಜೋಳವೋ ಕಡಲೆಕಾಯಿ ಹಿಂಡಿಯೋ ಕೋಳಿಯ ಈಲಿಗೆ ವಿಷ. ಇನ್ನು ಕೆಲವರು ಹಸುವಿನ ಫೀಡನ್ನೇ ಕೋಳಿಗೂ ಹಾಕುತ್ತಾರೆ. ಮೆಲುಕು ಹಾಕುವ ಪ್ರಾಣಿಗೆ ಮಾಡಿದ್ದು ಕೋಳಿಗೆ ಹೇಗೆ ಸರಿಹೋದೀತು?

ಆದರೆ ಹಸುವಿನ ವಿಷಯದಲ್ಲಿ ನೀವೆಲ್ಲ ಮಾಡಿರುವ ಏರ್ಪಾಡು ಚೆನ್ನಾಗಿದೆ. ಬೆಳಗ್ಗೆ ಹಾಲು ಹಾಕಲು ಹೋದವರು ಡೇರಿಯಿಂದಲೇ ನಂದಿನಿ ಪಶು ಆಹಾರ ತರುತ್ತಾರೆ, ದುಡ್ಡನ್ನು ಹಾಲಿನ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಾರೆ. ಅದೇ ಕಟ್ಟೆಯ ಮೇಲೆ ಐದು ಕಿಲೋ ಕೋಳಿ ಫೀಡು, ಕ್ಯಾಲ್ಸಿಯಂಗೆ ಒಂದು ಕಿಲೋ ಕಪ್ಪೆಚಿಪ್ಪಿನ ಚೂರು ಇಡಲು ಹೊಸ ಇಲಾಖೆಯೇನೂ ಬೇಕಿಲ್ಲ. ಸಹಕಾರ ಸಂಘಗಳಿಗೆ ನೀವೊಂದು ಮಾತು ಹೇಳಿದರೆ ಆಗುವ ಕೆಲಸ.

ಊರಲ್ಲೇ ಕಲಸಿಕೊಳ್ಳುವವರಿಗೂ ದಾರಿ ಇದೆ. ಈ ಪತ್ರ ಓದುವ ಅಕ್ಕಂದಿರಿಗಾಗಿ ಬರೆಯುತ್ತಿದ್ದೇನೆ, ಸಚಿವರೇ, ನೀವು ಬೇಸರ ಮಾಡಿಕೊಳ್ಳಬೇಡಿ. ಐದು ಕಿಲೋ ಮುಸುಕಿನ ಜೋಳದ ನುಚ್ಚು ಇಲ್ಲವೇ ರಾಗಿ, ಒಂದೂವರೆ ಕಿಲೋ ತೌಡು, ಎರಡು ಕಿಲೋ ಕಡಲೆಕಾಯಿ ಹಿಂಡಿ, ಅರ್ಧ ಕಿಲೋ ಉಪ್ಪು ಹಾಕದ ಒಣಮೀನಿನ ಪುಡಿ. ಮೊಟ್ಟೆ ಇಡುವ ಕೋಳಿಗೆ ಬೇಕಾದ ಪ್ರೋಟೀನ್, ಅಂದರೆ ನೂರಕ್ಕೆ ಹದಿನಾರು ಹದಿನೆಂಟು ಪಾಲು, ಇದರಲ್ಲಿ ಬರುತ್ತದೆ. ಕಪ್ಪೆಚಿಪ್ಪಿನ ಚೂರನ್ನು ಇದರಲ್ಲಿ ಬೆರೆಸಬೇಡಿ, ಬೇರೆ ಬಟ್ಟಲಲ್ಲಿಡಿ. ಬೇಕಾದ ಕೋಳಿ ತಾನೇ ಹೋಗಿ ತಿನ್ನುತ್ತದೆ. ಬೆರೆಸಿದರೆ ಮರಿಗಳೂ ತಿನ್ನುತ್ತವೆ, ಅವಕ್ಕೆ ಅಷ್ಟೊಂದು ಕ್ಯಾಲ್ಸಿಯಂ ಹೋದರೆ ಮೂತ್ರಪಿಂಡ ಕೆಡುತ್ತದೆ. ಅವಕ್ಕೆ ಬೇಕಾದದ್ದು ಹೆಚ್ಚು ಪ್ರೋಟೀನ್. ಚೂರು ನುಣ್ಣಗಿರುವುದಕ್ಕಿಂತ ದಪ್ಪಗಿದ್ದರೆ ಒಳ್ಳೆಯದು. ಸಿಪ್ಪೆ ಕಟ್ಟುವ ಕೆಲಸ ಹೆಚ್ಚಾಗಿ ರಾತ್ರಿ ನಡೆಯುತ್ತದೆ, ದಪ್ಪ ಚೂರು ನಿಧಾನಕ್ಕೆ ಕರಗುತ್ತಾ ಬೆಳಗಿನವರೆಗೂ ಒದಗುತ್ತದೆ. ಗೋಡೆಗೆ ಹೊಡೆಯಲು ತಂದ ಸುಟ್ಟ ಸುಣ್ಣವನ್ನು ಮಾತ್ರ ಹಾಕಲೇಬಾರದು, ಬಾಯಿ ಗಂಟಲು ಬೆಂದುಹೋಗುತ್ತದೆ.

ಇನ್ನೊಂದು ವಿಷಯ. ಶಾಲೆಗಳಲ್ಲಿ ಮಕ್ಕಳಿಗೆ ಬೇಯಿಸಿದ ಮೊಟ್ಟೆ ಕೊಡುತ್ತಿದ್ದೀರಿ. ನೂರು ಮೊಟ್ಟೆ ಸುಲಿದರೆ ಅರ್ಧ ಕಿಲೋ ಸಿಪ್ಪೆ ಬರುತ್ತದೆ. ಅದೆಲ್ಲ ಸುಮ್ನೆ ತಿಪ್ಪೆಗೆ ಹೋಗುತ್ತಿದೆ. ಹೇಗೂ ಬೆಂದಿರುತ್ತದೆ, ಬಿಸಿಲಲ್ಲಿ ಒಣಗಿಸಿ ಕುಟ್ಟಿದರೆ ಕಪ್ಪೆಚಿಪ್ಪಿನಷ್ಟೇ ಒಳ್ಳೆಯ ಕ್ಯಾಲ್ಸಿಯಂ. ಊರಿನ ಸ್ತ್ರೀಶಕ್ತಿ ಸಂಘಕ್ಕೆ ಅದನ್ನು ಒಯ್ಯಲು ಶಾಲೆಯವರು ಬಿಟ್ಟರೆ ಸಾಕು. ಶಿಕ್ಷಣ ಇಲಾಖೆಯ ಒಪ್ಪಿಗೆ ಬೇಕಾಗುತ್ತದೇನೋ, ಅದನ್ನು ನೀವು ಮಾತಾಡಿ.

ಊರಲ್ಲಿ ದನಕರು, ಕೋಳಿಗಳ ಆರೋಗ್ಯ ನೋಡಿಕೊಳ್ಳುವ ಪಶುಸಖಿಯರಿಗೆ ಲಸಿಕೆ, ಜಂತುಮಾತ್ರೆಯ ಜೊತೆ ಕೋಳಿಯ ಆಹಾರದ ವಿಷಯವನ್ನೂ ಒಂದು ದಿನ ಹೇಳಿಕೊಡಿ. ಹೆಸರಘಟ್ಟದಲ್ಲಿ ಕೇಂದ್ರದ ಕೋಳಿ ತರಬೇತಿ ಸಂಸ್ಥೆಯೇ ಇರುವಾಗ ಕಲಿಸುವವರಿಗೆ ಬರವಿಲ್ಲ.

ಮುಂದಿನ ಸಲ ಮರಿ ಹಂಚುವ ಆದೇಶದಲ್ಲಿ ಫಲಾನುಭವಿಯ ಹೆಸರು, ಮರಿಯ ವಯಸ್ಸು, ಲಸಿಕೆ ಅಂತ ಕಲಂಗಳನ್ನು ಹಾಕುತ್ತಾರಲ್ಲ, ಅದರ ಪಕ್ಕದಲ್ಲೇ "ಫೀಡು, ಮೊದಲ ಎರಡು ತಿಂಗಳಿಗೆ" ಅಂತ ಇನ್ನೊಂದು ಕಲಂ ಬರೆಸಿ. ದುಡ್ಡು ಸಾಲದಿದ್ದರೆ ಮನೆಗೆ ಹತ್ತು ಮರಿಯ ಬದಲು ಆರು ಕೊಡಿ. ನಾವು ಬೇಜಾರು ಮಾಡಿಕೊಳ್ಳುವುದಿಲ್ಲ.

ಇಂತಿ,
ತುಮಕೂರು ಜಿಲ್ಲೆಯಲ್ಲಿ ಹಿತ್ತಲ ಕೋಳಿ ಸಾಕುವ ಒಬ್ಬ ಹೆಣ್ಣುಮಗಳು