ಶಾಂಘೈನಿಂದ ಶಾನುಭೋಗನಿಗೆ

ಪ್ರಿಯ ಶಾನುಭೋಗ,

ಚೀನಾಕ್ಕೆ ಹೋಗಿ ಕಾಳಗದ ವಿದ್ಯೆಗೆ ಸೇರಿದವನು ಇಟ್ಟಿಗೆ ಒಡೆಯುವುದನ್ನು ಕಲಿತೆಯಾ ಎಂದು ಕೇಳಿದ್ದೆಯಲ್ಲ? ಇಲ್ಲ ಮಾರಾಯ. ಚಳಿಗಾಲವಿಡೀ ನಾನು ಕಲಿತದ್ದು ನಿಲ್ಲುವುದನ್ನು. ಮೊಣಕಾಲನ್ನು ತುಸು ಮಡಚಿ, ಹಂಡೆ ತಬ್ಬಿದವನಂತೆ ತೋಳು ಎತ್ತಿ, ಸುಮ್ಮನೆ ನಿಲ್ಲುವುದು. ಇದಕ್ಕೆ ಝಾನ್ ಝುವಾಂಗ್ ಎನ್ನುತ್ತಾರೆ. ಮೊದಲು ತೊಡೆ ನಡುಗುತ್ತದೆ, ಆಮೇಲೆ ಭುಜ ಉರಿಯುತ್ತದೆ. ಎರಡೂ ಅಡಗಿದವು ಎನ್ನುವಾಗ ತಲೆಯೊಳಗೆ ಸಂತೆ ನೆರೆಯುತ್ತದೆ. ಹಾಗೆ ನಿಂತಾಗಲೇ ನಮ್ಮಿಬ್ಬರ ಹಳೆಯ ಕೊಡೆ ಜಗಳದ ಪ್ರಕರಣವನ್ನು ಮರುಪರಿಶೀಲಿಸಿದೆ. ತಪ್ಪು ನಿನ್ನದೇ.

(ಬೌದ್ಧ ಭಿಕ್ಷು ಬೋಧಿಧರ್ಮ ನಮ್ಮ ಕಡೆಯಿಂದ ಹೋಗಿ ಕಲಿಸಿದ ವಿದ್ಯೆಯಲ್ಲವೇ ಎಂದು ಕೇಳಲು ತುದಿಗಾಲಲ್ಲಿ ನಿಂತಿರುವ ಉಳಿದ ಓದುಗರಿಗೆ: ಅವನ ಹೆಸರು ಹೊತ್ತ ವ್ಯಾಯಾಮದ ಗ್ರಂಥ ಹುಟ್ಟಿದ್ದು 17ನೇ ಶತಮಾನದಲ್ಲಿ, ಅವನು ಕಾಲವಾಗಿ ಸಾವಿರ ವರ್ಷ ಕಳೆದ ಮೇಲೆ. ಬೇಸರ ಬೇಡ.)

ಈಗ ತುಯ್ ಶೋ, ಅಂದರೆ ಕೈಗೆ ಕೈ ತಾಗಿಸಿ ತಳ್ಳುವ ಜೋಡಿ ಅಭ್ಯಾಸ, ಶುರುವಾಗಿದೆ. ಬೆಳಿಗ್ಗೆ ಫುಶಿಂಗ್ ಪಾರ್ಕಿನಲ್ಲಿ, ಮಾರ್ಕ್ಸ್ ಮತ್ತು ಏಂಗೆಲ್ಸರ ಕಲ್ಲಿನ ಪ್ರತಿಮೆಗಳಿಗೆ ತುಸು ದೂರದಲ್ಲಿ, ಇಬ್ಬಿಬ್ಬರಾಗಿ ಎದುರುಬದುರು ನಿಂತು ಮಣಿಕಟ್ಟಿಗೆ ಮಣಿಕಟ್ಟು ತಾಗಿಸುತ್ತೇವೆ. ಎದುರಿನವರ ಬಲ ಎತ್ತ ಹರಿಯುತ್ತಿದೆ ಎಂಬುದನ್ನು ಚರ್ಮದಿಂದಲೇ ಆಲಿಸಬೇಕು. ದೊಡ್ಡ ದೋಷಗಳು ಎರಡು: ಬಂದ ಬಲಕ್ಕೆ ಸೆಟೆದು ನಿಲ್ಲುವುದು, ಇಲ್ಲವೇ ತಾಗಿದ ಕೈಯನ್ನು ಬಿಟ್ಟು ಜಾರಿಕೊಳ್ಳುವುದು. ಸೆಟೆಯುವುದು ನನ್ನ ಜಾಯಮಾನವೇ ಅಲ್ಲ. ಹಾಗಾಗಿ ಈ ವಿದ್ಯೆ ನನಗಾಗಿಯೇ ಹೇಳಿ ಮಾಡಿಸಿದ್ದು ಎಂದು ಒಳಗೊಳಗೇ ಬೀಗುತ್ತಿದ್ದೆ.

ಮೊನ್ನೆ ಎದುರಿಗೆ ಬಂದವರು ಒಬ್ಬ ನಿವೃತ್ತ ಬಸ್ ಚಾಲಕರು, 70 ದಾಟಿದವರು. ಬಲ ಮುಷ್ಟಿಗೆ ಎಡ ಅಂಗೈ ಮುಚ್ಚಿ ವಂದಿಸಿದರು, ಕೈ ತಾಗಿಸಿದರು, ನನ್ನ ಮೊಣಕೈಯನ್ನು ಎರಡು ಬೆರಳಿನಿಂದ ಒತ್ತಿದರು. ನಾನು ಬಲು ನಯವಾಗಿ ಹಿಂದೆ ಸರಿದೆ. ಮತ್ತೆ ಒತ್ತಿದರು, ಮತ್ತೆ ಸರಿದೆ. ಅವರು ಆಟ ನಿಲ್ಲಿಸಿ, ಕೈಯನ್ನು ಹಾಗೆಯೇ ಗಾಳಿಯಲ್ಲಿ ಹಿಡಿದು, “ಎಲ್ಲಿಗೆ ಹೋದೆ? ನಾನಿನ್ನೂ ಇಲ್ಲೇ ಇದ್ದೇನೆ” ಎಂದರು. ನಗುತ್ತಲೇ ಅಂದರು. ತಳ್ಳಿ ಕೆಡವಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ನನ್ನನ್ನು ತಾಳ್ಮೆಯವನು ಎನ್ನುತ್ತಾರಲ್ಲ, ಊರಲ್ಲಿ? ಮನೆಯ ಪಾಲಿನ ಮಾತು ಬಂದಾಗ “ಅಣ್ಣ ಹೇಳಿದಂತಾಗಲಿ” ಎಂದು ಎದ್ದು ಹೋದವನು. ಕಚೇರಿಯಲ್ಲಿ ಯಾರೊಂದಿಗೂ ಮನಸ್ತಾಪವಿಲ್ಲದವನು. ನಿನ್ನ ಅಮ್ಮ ಹೋದ ಮೇಲೆ ನೀನು ರಾತ್ರಿ ಫೋನು ಮಾಡುತ್ತಿದ್ದಾಗ, “ಈಗ ಮಲಗು, ನಾಳೆ ಮಾತಾಡೋಣ” ಎಂದು ಎಷ್ಟು ಮೆತ್ತಗೆ ಹೇಳುತ್ತಿದ್ದೆ. ಮರುದಿನ ಕ್ರಿಕೆಟ್ ಮಾತಾಡುತ್ತಿದ್ದೆವು. ನೀನೂ ಆಡುತ್ತಿದ್ದೆ, ಪಾಪ. ನನ್ನ ಸೌಮ್ಯತೆಯಲ್ಲಿ ಎಷ್ಟು ಪಾಲು ಸೌಮ್ಯತೆ, ಎಷ್ಟು ಪಾಲು ಕೈ ತಪ್ಪಿಸಿಕೊಳ್ಳುವ ಚಾಳಿ ಎಂಬುದು ಈಗ ನನಗೆ ಗೊತ್ತಾಗುತ್ತಿಲ್ಲ. ಕೋಪಿಷ್ಠರಿಗೆ ಈ ಫಜೀತಿ ಇಲ್ಲ. ಅವರ ದೋಷ ಊರಿಗೆಲ್ಲ ಕಾಣುತ್ತದೆ, ಯಾರಾದರೂ ತಿದ್ದುತ್ತಾರೆ. ನನ್ನದಕ್ಕೆ ಹಾರ ಹಾಕಿದರು.

ಇದನ್ನು ಬರೆಯಬೇಕೆಂದು ಕುಳಿತದ್ದಲ್ಲ. ವೂ ದೆ, ಅಂದರೆ ಕಾಳಗದವನ ಶೀಲದ ಕುರಿತು ನಾಲ್ಕು ಘನವಾದ ಮಾತು ಬರೆದು ಜನರಿಂದ ಭೇಷ್ ಅನ್ನಿಸಿಕೊಳ್ಳುವ ಯೋಜನೆಯಿತ್ತು. ಅದಕ್ಕಾಗಿ ಓದಿಯೂ ಇದ್ದೆ. ವಾಂಗ್ ಝೆಂಗ್ನಾನ್ ಎಂಬ ಗುರು ಐದು ಬಗೆಯವರಿಗೆ ವಿದ್ಯೆ ಕೊಡಬಾರದು ಎಂದಿದ್ದನ್ನು ಅವನ ಶಿಷ್ಯ ಹುವಾಂಗ್ ಬೈಜಿಯಾ 1676ರಲ್ಲಿ ಬರೆದಿಟ್ಟಿದ್ದಾನೆ: ಕುಟಿಲ ಮನಸ್ಸಿನವನು, ಜಗಳಗಂಟ, ಕುಡುಕ, ಕಲಿತದ್ದನ್ನು ಹಗುರಾಗಿ ತೋರಿಸಿಕೊಳ್ಳುವವನು, ಮತ್ತು ಎಲುಬು ಮೆತ್ತಗಿನ ಮಂದಮತಿ. ಮೊದಲ ಮೂರರಲ್ಲಿ ಪಾರಾದೆ. ನಾಲ್ಕನೆಯದಕ್ಕೆ ಈ ಬಹಿರಂಗ ಪತ್ರವೇ ಸಾಕ್ಷಿ. ಐದನೆಯದನ್ನು ನಮ್ಮ ಗುರುಗಳಿಗೆ ಇನ್ನೂ ತೋರಿಸಿಲ್ಲ, ಶುಲ್ಕ ವಾಪಸ್ ಕೊಟ್ಟು ಕಳಿಸಿಬಿಟ್ಟಾರು.

ಕೊಡೆಯ ತೀರ್ಪಿಗೆ ಮೇಲ್ಮನವಿ ಇದ್ದರೆ ರಾತ್ರಿ ಫೋನು ಮಾಡು.

ನಿನ್ನ,
ಎರಡನೇ ಬೆಂಚಿನ ಮಠಾಧಿಪತಿ