ಎರಡನೇ ಅಡ್ಡರಸ್ತೆಗೆ ಬರುವ ಕುಟುಂಬದ ಬಗ್ಗೆ

ಎಲ್ಲರಿಗೂ ನಮಸ್ಕಾರ. ‘ನಮ್ಮ ರಸ್ತೆಗೆ ನಿರಾಶ್ರಿತರು ಬರ್ತಿದ್ದಾರೆ, ಜಾಗ್ರತೆ’ ಅಂತ ನಿನ್ನೆ ರಾತ್ರಿ ಇಲ್ಲಿ ಬಂದ ಸಂದೇಶ ನೋಡಿ ತುಂಬ ಬೇಸರವಾಯಿತು. ಅದನ್ನು ತೆಗೆದಿದ್ದೇನೆ. ಬೇರೆ ಗುಂಪುಗಳಿಗೆ ಕಳಿಸಿದವರು ಅಲ್ಲೂ ಅಳಿಸಿಬಿಡಿ.

ಬರುತ್ತಿರುವುದು ಸುಳ್ಯ ಕಡೆಯ ಕುಟುಂಬ. ಇವರ ಹಿರಿಯರು ಸಿಲೋನಿನ, ಅಂದರೆ ಈಗಿನ ಶ್ರೀಲಂಕಾದ, ತೋಟಗಳಲ್ಲಿ ದುಡಿದ ತಮಿಳರು. ಎರಡೂ ದೇಶಗಳ ಪ್ರಧಾನಿಗಳು ಮಾಡಿಕೊಂಡ 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಂತೆ 5.25 ಲಕ್ಷ ಜನರನ್ನು ಭಾರತ ಕರೆಸಿಕೊಳ್ಳುವುದು ಎಂದಾಯಿತು; ಆ ಜನರನ್ನು ಯಾರೂ ಕೇಳಲಿಲ್ಲ. ಹಾಗೆ ಬಂದವರಲ್ಲಿ ಕೆಲವರಿಗೆ ಸುಳ್ಯ, ಪುತ್ತೂರಿನಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು. ಬೆಳಕು ಹರಿಯುವ ಮೊದಲೇ ತಲೆಗೆ ಟಾರ್ಚ್ ಕಟ್ಟಿಕೊಂಡು ಮರ ಗೀರುವುದು, ಬಿಸಿಲೇರುವಾಗ ಚಿಪ್ಪಿನ ಹಾಲು ಒಟ್ಟುಮಾಡುವುದು. ಅರ್ಧ ಶತಮಾನದಿಂದ ಇಲ್ಲಿದ್ದಾರೆ. ಈ ಮನೆಯ ಮಕ್ಕಳು ಕನ್ನಡ ಶಾಲೆಯಲ್ಲಿ ಓದಿದವರು, ತುಳು ನಮ್ಮಷ್ಟೇ ಸಲೀಸು. ಇನ್ನೂ ‘ಸಿಲೋನಿನವರು’ ಅಂತ ದೂರ ಇಡುವುದು ಯಾವ ನ್ಯಾಯ?

ಮಂಗಳೂರಿನ ಎಷ್ಟೋ ಕೊಂಕಣಿ ಮನೆತನಗಳು, ಹಿಂದೂಗಳಾಗಲಿ ಕ್ರೈಸ್ತರಾಗಲಿ, ಗೋವೆ ಬಿಟ್ಟು ಬಂದವೇ ಅಲ್ಲವೇ.

ಬಾಡಿಗೆದಾರರ ವಿವರವನ್ನು ಠಾಣೆಗೆ ಕೊಡುವುದಿದ್ದರೆ ಎಲ್ಲರಿಗೂ ಒಂದೇ ಕ್ರಮ. ಅದಕ್ಕಿಂತ ಹೆಚ್ಚಿನ ಕಾಗದಪತ್ರ ಇವರಿಂದ ಯಾರೂ ಕೇಳಬಾರದು.

ಭಾನುವಾರ ಸಾಮಾನು ಬರುತ್ತದೆ. ರಸ್ತೆ ಸಪೂರ, ಹಾಗಾಗಿ ಬೆಳಿಗ್ಗೆ ಒಂಬತ್ತರೊಳಗೆ ಆ ಬದಿಯ ಕಾರುಗಳನ್ನು ತೆಗೆಯಿರಿ. ನಳ್ಳಿ ಸರಿಯಾಗುವವರೆಗೆ ಪಕ್ಕದ ಮನೆಯವರು ಬಾವಿ ನೀರು ಕೊಡುತ್ತೇವೆ ಅಂದಿದ್ದಾರೆ, ಅವರಿಗೆ ಧನ್ಯವಾದ. ಇಳಿಸಲು ನಾಲ್ಕೈದು ಜನ ಬೇಕು, ಬರುವವರು ಇಲ್ಲೇ ಹೆಸರು ಹಾಕಿ.